ಬಾವಿಯೊಳಗಿನ ಹಾಡು

"ಮೊದಲು ದೀಪ ಇಳಿಸಿ," ಎಂದಳು ಟ್ರಿಫೀನಾ. ಎರಡು ವರ್ಷಗಳಲ್ಲಿ ಪ್ಯಾಸ್ಕೊನೊಡನೆ ಆಡಿದ ಮೊದಲ ಮಾತು ಅದು.

ಪ್ಯಾಸ್ಕೊ ತಲೆ ಎತ್ತದೆ ಮೇಣದಬತ್ತಿ ಹಚ್ಚಿ, ಬಕೆಟ್ಟಿನಲ್ಲಿಟ್ಟು ಬಾವಿಗೆ ಬಿಟ್ಟ. ಅರವತ್ತಡಿ ಆಳದಲ್ಲೂ ಅದು ಉರಿಯುತ್ತಲೇ ಇತ್ತು. ಅಂದರೆ ಕೆಳಗೆ ಗಾಳಿ ಚೆನ್ನಾಗಿದೆ.

ಆದರೂ ಅವಳು ಅವನ ಕೈಗಳನ್ನೇ ನೋಡುತ್ತಿದ್ದಳು.

ಇವನೇ ಅಲ್ಲವೇ... ಅಣ್ಣ ಜೇಬೆಜ್ ಪಕ್ಕದ ಜಮೀನಿನ ಬಾವಿಯಲ್ಲಿ ಉಸಿರುಕಟ್ಟಿ ಸತ್ತ ದಿನ ಮೇಲೆ ರಾಟೆ ಹಿಡಿದಿದ್ದವನು? ಮೇಲೆ ಬಂದದ್ದು ಬರಿ ಹಗ್ಗ. 'ಗಂಟನ್ನೇ ಸರಿಯಾಗಿ ಕಟ್ಟಲಿಲ್ಲ' ಎಂದಿತು ಊರು. ಇವನು ತುಟಿ ಬಿಚ್ಚಲಿಲ್ಲ. ಆ ವಸಂತದಲ್ಲಿ ತನ್ನನ್ನು ಹೆಣ್ಣು ಕೇಳಲು ಬರಬೇಕಿದ್ದವನು ಅಣ್ಣನ ಮಣ್ಣಿಗೆ ಬಂದು, ದೂರ ನಿಂತು ಹೋಗಿದ್ದ.

ಈಗ ಅಪ್ಪನ ಕಾಲು ಮುರಿದಿದೆ. ನೀರಿನ ಗಾಡಿ ಹನ್ನೆರಡು ಮೈಲಿ ಹೋಗಬೇಕು. ಅಲ್ಲಿಯ ಹೊಂಡವೂ ಕೆಸರಾಗಿದೆ. ಈ ಬಾವಿಯಲ್ಲಿ ನೀರು ಸಿಗದಿದ್ದರೆ ಗೋಧಿಹೊಲ ಬಿಟ್ಟು ಹೊರಡುವುದೇ. ಅಪ್ಪನನ್ನು ಬಿಟ್ಟರೆ ಸೀಮೆಯಲ್ಲಿ ಇಷ್ಟು ಆಳಕ್ಕಿಳಿಯುವವನು ಇವನೊಬ್ಬನೇ.

ಜಗಲಿಯಿಂದ ಅಪ್ಪ ಕೂಗಿದ: "ಅರವತ್ತಡಿ ಅಗೆದವನು ನಾನು ಕಣೋ. ಕೊನೇ ಬಂಡೆ ಒಡೆದು ಹೆಸರು ಹೊಡ್ಕೊಂಡು ಹೋಗ್ಬೇಡ."

"ಕಟ್ಟೆ ಮೇಲೆ ನಿಮ್ಮ ಹೆಸರೇ ಕೆತ್ತಿಸೋಣ ಬಿಡಿ, ಯಜಮಾನ್ರೇ."

ಪ್ಯಾಸ್ಕೊ ರಾಟೆಯ ಹಗ್ಗವನ್ನು ಟ್ರಿಫೀನಾಳ ಕೈಗಿಟ್ಟ. "ನನ್ನ ಸೊಂಟಕ್ಕೆ ನೀನೇ ಕಟ್ಟು. ಗಂಟು ಬೆನ್ನ ಹಿಂದೆ ಇರ್ಲಿ."

"ಹಿಂದೆ ಯಾಕೆ?"

"ಕೆಳಗೆ ಸೆಖೆ. ಹಗ್ಗ ಉಜ್ಜುತ್ತೆ. ಕೈಗೆ ಸಿಕ್ಕಿದ್ರೆ ಯಾರಿಗಾದ್ರೂ ಬಿಚ್ಚಿ ಹಾಕೋಣ ಅನ್ಸುತ್ತೆ..." ಅವನು ಅವಳತ್ತ ಬೆನ್ನು ತಿರುಗಿಸಿದ.

ಅವಳು ಬಿಗಿದು ಕಟ್ಟಿ, ಅವನನ್ನು ಬಾವಿಗೆ ಇಳಿಸಿದಳು.

ಇಳಿದವನು ಹಾಡುತ್ತಲೇ ಇರಬೇಕು. ಗಣಿ ಬಿಟ್ಟು ಗೋಧಿ ಬಿತ್ತಲು ಬಂದ ಅವರ ಜನರ ರೂಢಿ ಅದು. ಹಾಡು ಕೇಳುವವರೆಗೂ ಉಸಿರಿದೆ ಎಂದು ಲೆಕ್ಕ. ಪ್ಯಾಸ್ಕೊನ ಅಪಸ್ವರಕ್ಕೆ ಪ್ರಾರ್ಥನಾಮಂದಿರದಲ್ಲಿ ಮಕ್ಕಳು ನಗುತ್ತಿದ್ದರು. ಇಂದು ಅವಳು ಒಂದೊಂದು ಅಪಸ್ವರವನ್ನೂ ಎಣಿಸುತ್ತಾ ನಿಂತಳು. ನಡುವೆ ಹಾರೆಯ ಪೆಟ್ಟು... ಮತ್ತೆ ಹಾಡು... ಮತ್ತೆ ಪೆಟ್ಟು.

ಮೂರನೆಯ ಚರಣದ ನಡುವೆ ಹಾಡು ನಿಂತಿತು.

"ಪ್ಯಾಸ್ಕೊ?"

ಬಾವಿ ಅವಳ ದನಿಯನ್ನೇ ಹಿಂದಿರುಗಿಸಿತು.

ಬಂಡೆಯ ಬಿರುಕಿನಿಂದ ಕೆಟ್ಟ ಗಾಳಿ ಎದ್ದಿರಬೇಕು. ರಾಟೆಯ ಹಿಡಿಗೆ ಮೈಯೆಲ್ಲ ಭಾರ ಹಾಕಿದಳು. ಮತ್ತೆ ಬರಿ ಹಗ್ಗ ಬಂದರೆ?

ಬರಿ ಹಗ್ಗ... ಅಂದಿನ ಹಗ್ಗವನ್ನು ಅವಳೇ ಮುಟ್ಟಿ ನೋಡಿದ್ದಳು. ಎಲ್ಲೂ ಹರಿದಿರಲಿಲ್ಲ. ಕೈಗೆ ಸಿಕ್ಕಿದರೆ ಬಿಚ್ಚಿ ಹಾಕೋಣ ಅನಿಸುತ್ತದೆ ಎಂದನಲ್ಲ ಇವನು. 'ಹಗ್ಗ ಕಟ್ಟಿಸ್ಕೊಂಡು ಅಗೆಯೋಕೆ ನಾನೇನು ಗೂಟದ ಹಸುವಾ?' ಎಂದು ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದವನು ಯಾರು? ಅಣ್ಣನೇ!

ಅಣ್ಣನೇ ಬಿಚ್ಚಿದ್ದ. ಸತ್ತವನ ತಪ್ಪನ್ನು ಇವನು ಹೊತ್ತು ತಿರುಗಿದ.

"ಅಪ್ಪಾ!"

ಮುರಿದ ಕಾಲೆಳೆದುಕೊಂಡು ತೆವಳಿ ಬಂದ ಅಪ್ಪ ಹಿಡಿಯ ಮೇಲೆ ಎದೆಯೂರಿದ. ಹಗ್ಗ ಬಿಗಿಯಿತು. ಭಾರವಾಗಿತ್ತು. ದೇವರೇ... ಭಾರವಾಗಿತ್ತು.

ಸುತ್ತು ಸುತ್ತಾಗಿ ಪ್ಯಾಸ್ಕೊ ಮೇಲೆ ಬಂದ. ತುಟಿ ನೀಲಿ. ಅವನನ್ನು ಮಣ್ಣಿನ ಮೇಲೆಳೆದು ಟ್ರಿಫೀನಾ ಬೆನ್ನು ತಿಕ್ಕಿದಳು, ಕೆನ್ನೆಗೆ ಹೊಡೆದಳು. ಒಂದು ಕೆಮ್ಮು... ಇನ್ನೊಂದು.

ಅಪ್ಪ ಅವನ ಒದ್ದೆ ಬೂಟು ಮುಟ್ಟಿ ಬೆರಳು ನೆಕ್ಕಿದ. "ನೀರು, ಮಗಳೇ. ಸಿಹಿ ನೀರು." ಮುದುಕ ಮುಖ ಮುಚ್ಚಿಕೊಂಡ.

ಅವಳಿಗೆ ಕೇಳಿಸಲಿಲ್ಲ. "ಅಣ್ಣನೇ ಬಿಚ್ಚಿದ್ದು ಅಂತ ಯಾಕೆ ಹೇಳ್ಲಿಲ್ಲ ನೀನು?"

"ನಿಮ್ಮಮ್ಮ... ಮಗನದೇ ತಪ್ಪು ಅಂತ ಕೊರಗೋ ಬದಲು, ನನ್ನ ಬೈಕೊಂಡಾದ್ರೂ ಬದುಕ್ಲಿ ಅಂತ."

"ನಾನು?"

ಅವನು ಕಣ್ಣು ಮುಚ್ಚಿದ. "ನಿಂಗೆ ಒಂದಿನ ತಾನಾಗೇ ಗೊತ್ತಾಗುತ್ತೆ ಅಂತ ಕಾದೆ. ನೀನೇ ಸ್ವಲ್ಪ ತಡ ಮಾಡ್ದೆ."

ಅವಳು ಅಳುತ್ತಲೇ ಅವನ ತಲೆಯನ್ನು ಮಡಿಲಿಗೆಳೆದುಕೊಂಡಳು.

"ಫೀನಾ... ಗಂಟು ಒತ್ತುತ್ತಿದೆ. ಬಿಚ್ಚಲ್ವಾ?"

"ಈಗ್ಲೇ ಬಿಚ್ಚಲ್ಲ," ಎಂದಳು. "ಇನ್ನೊಂಚೂರು ಹೊತ್ತು ಇರ್ಲಿ. ನೀನು ಹಾಡು."