ಹಿನ್ನೀರಿನ ಕಡೆಯ ಬಾಡಿಗೆ ಮನೆ

ಗಂಡನ ಮನೆ ಬಿಟ್ಟು ಬಾಗಲಕೋಟೆಗೆ ಬಂದ ವರ್ಷದ ಮಾತು. ನವನಗರದಲ್ಲಿ ಎಂಟು ಸಾವಿರಕ್ಕೆ ಕಡಿಮೆ ಬಾಡಿಗೆಯ ಮನೆ ಸಿಗಲಿಲ್ಲ. ಹಿನ್ನೀರಿನ ದಂಡೆಯ ಮನೆಯೊಂದನ್ನು ಮಾತ್ರ ಮಾಲೀಕ ಶಿವಪುತ್ರಪ್ಪ ಎರಡೂವರೆ ಸಾವಿರಕ್ಕೆ ಕೊಡುತ್ತೇನೆಂದರು.

“ಯಾಕ್ರೀ ಇಷ್ಟು ಕಡಿಮಿ?”

“ಯಾರೂ ವಾರದ ಮ್ಯಾಲ ನಿಲ್ಲವಲ್ರು, ಅಕ್ಕಾರ.”

ನಾನು ನಿಂತೇ ತೀರಬೇಕಿತ್ತು. ಮೇ ತಿಂಗಳ ಉರಿಬಿಸಿಲಲ್ಲೂ ಒಳಕೋಣೆ ಕೊರೆಯುವಷ್ಟು ತಣ್ಣಗಿತ್ತು. ಹಿನ್ನೀರಿನ ಕಡೆಯ ಗೋಡೆಯೊಳಗೆ ಹಗಲೆಲ್ಲ ಯಾರೋ ಬೀಸುಕಲ್ಲು ತಿರುವುವ ಸದ್ದು. ಗೋಡೆಯಾಚೆ ನೀರು ಬಿಟ್ಟರೆ ಏನೂ ಇಲ್ಲ. ಆರನೆಯ ದಿನ ಗೋಡೆಗೆ ಕೈ ಬಡಿದು ಕೂಗಿದೆ: “ನಾ ಎಲ್ಲೂ ಹೋಗಂಗಿಲ್ಲ. ನೀನೂ ಬೇಕಾದ್ರ ಇರು!”

ಸದ್ದು ನಿಂತಿತು. ಒಳಗಿನಿಂದ ಮುದುಕಿಯೊಬ್ಬಳ ದನಿ ಸಮಾಧಾನವಾಗಿ, “ಹೂಂ, ಯವ್ವಾ” ಎಂದಿತು.

ಮೂರು ವರ್ಷವಾಯಿತು, ಅಲ್ಲೇ ಇದ್ದೇನೆ. ದಿನಾ ಬೆಳಗ್ಗೆ ಆ ಗೋಡೆಯ ಬುಡದಲ್ಲಿ ಒಂದು ಹಿಡಿ ಜೋಳದ ಹಿಟ್ಟು ಬಿದ್ದಿರುತ್ತದೆ. ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತದೆ.