ತಿರುಗಿಬಿದ್ದ ಅಕ್ಷರಗಳು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಸರ್ಕಾರಿ ಸಂಶೋಧನಾಲಯದ ಆಡಳಿತಾಧಿಕಾರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕಪಾಟಿನಲ್ಲಿದ್ದ ಉಕ್ಕಿನ ಅಚ್ಚೊಂದು ಕಳುವಾಗಿತ್ತು. ಉಸಿರಾಡಲು ಕಷ್ಟಪಡುವ ನವಜಾತ ಶಿಶುಗಳಿಗೆ ಹಾಕುವ ಸಣ್ಣ ರಬ್ಬರ್ ವಾಲ್ವನ್ನು ಆ ಅಚ್ಚಿನಲ್ಲಿ ಎರೆಯುತ್ತಿದ್ದರು. ಆ ವಾಲ್ವನ್ನು ಕಂಡುಹಿಡಿದದ್ದು ಸರ್ಕಾರದ ಹಣದಲ್ಲಿ. ಪೇಟೆಂಟ್ ಸಂಶೋಧನಾಲಯದ ಹೆಸರಿನಲ್ಲಿತ್ತು. ತಯಾರಿಸುವ ಹಕ್ಕನ್ನು ಮಾತ್ರ ಒಂದು ಕಂಪನಿಗೆ ಬರೆದುಕೊಟ್ಟಿದ್ದರು.

ಜೊತೆಯಲ್ಲಿ ಬಂದಿದ್ದ ಆ ಕಂಪನಿಯ ಮ್ಯಾನೇಜರ್ ಮೇಜಿನ ಮೇಲೆ ಒಂದು ವಾಲ್ವ್ ಇಟ್ಟನು.

"ನಮ್ಮ ಕಂಪನಿ ಇಂಥದ್ದು ಒಂದೂ ಮಾಡಿಲ್ಲ ಸಾರ್. ಆದ್ರೂ ಸರ್ಕಾರಿ ಆಸ್ಪತ್ರೇಲಿ ಸಿಕ್ಕಿದೆ."

"ಹಕ್ಕು ತಗೊಂಡು ಎಷ್ಟು ಕಾಲ ಆಯ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಮೂರು ವರ್ಷ."

"ಮತ್ತೆ ಯಾಕೆ ಮಾಡಿಲ್ಲ?"

"ಉಸಿರಾಟಕ್ಕೆ ನಮ್ಮದೇ ದೊಡ್ಡ ಮೆಷಿನ್ ಮಾರಾಟದಲ್ಲಿದೆಯಲ್ಲ, ಇದು ಬಂದ್ರೆ ಅದನ್ನ ಯಾರು ಕೊಳ್ತಾರೆ? ಇದರ ಮೇಲೆ ಯಾವುದೋ ವಿದೇಶಿ ಲಿಪಿ ಇದೆ, ನೋಡಿ. ಅಚ್ಚು ದೇಶ ದಾಟಿದೆ. ಪೇಟೆಂಟ್ ಕೇಸೂ ಹಾಕ್ಕೊಳ್ಳಿ."

"ಪೇಟೆಂಟ್ ಜಗಳಕ್ಕೆ ಸಿವಿಲ್ ಕೋರ್ಟಿದೆ. ಕಳುವಿಗೆ ನಾವಿದ್ದೀವಿ."

FIR ದಾಖಲಾಯಿತು. ಠಾಣೆಯವರೆಲ್ಲ 'ಮಾವ' ಎಂದು ಕರೆಯುವ ಹೆಡ್ ಕಾನ್ಸ್‌ಟೇಬಲ್ ವಾಲ್ವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕೈತೊಳೆಯುವ ಜಾಗದ ಕನ್ನಡಿಗೆ ಹಿಡಿದು ನಕ್ಕರು.

"ಸಾರ್, ವಿದೇಶದೋರು ನಮ್ಮ ಭಾಷೆ ಚೆನ್ನಾಗೇ ಕಲ್ತಿದ್ದಾರೆ."

ಕನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು: ಸರ್ಕಾರಿ ಸ್ವತ್ತು.

ಆಡಳಿತಾಧಿಕಾರಿಯ ಮುಖ ಸಪ್ಪಗಾಯಿತು. ಸಂಶೋಧನಾಲಯದ ಕುರ್ಚಿ, ಬಕೆಟ್, ಗಡಿಯಾರ ಎಲ್ಲದರ ಮೇಲೂ ಆ ಎರಡು ಪದ ಇರಲೇಬೇಕೆಂಬುದು ಅವರದೇ ಕಟ್ಟಪ್ಪಣೆ. ಎಣ್ಣೆ ಹಿಡಿದ ಅಚ್ಚಿನ ಹೊರಮೈಗೆ ಬಣ್ಣ ನಿಲ್ಲಲಿಲ್ಲ. ಅದಕ್ಕೆ ಒಳಮೈಯಲ್ಲಿ ಕೆತ್ತಿಸಿದ್ದರು. ಅಚ್ಚಿನೊಳಗೆ ನೇರವಾಗಿ ಕೆತ್ತಿದ್ದು ಎರೆದಾಗ ತಿರುಗಿ ಮೂಡುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

"ಅಂದ್ರೆ ಇದು ನಕಲಿ ಅಲ್ಲ, ನಿಮ್ಮ ಅಚ್ಚಿನದೇ. ಮೊದಲೇ ಎರೆದದ್ದು ಉಳಿದಿತ್ತೋ?" ಇನ್ಸ್‌ಪೆಕ್ಟರ್ ಆಡಳಿತಾಧಿಕಾರಿಯನ್ನು ಕೇಳಿದರು.

"ಇಲ್ಲ. ಆಸ್ಪತ್ರೇಲಿ ಪ್ರಯೋಗ ಮುಗಿದ ಮೇಲೆ ಎಲ್ಲಾ ವಾಪಸ್ ತರಿಸಿ ಸುಟ್ಟುಬಿಟ್ವಿ. ಕಂಪನಿ ಜೊತೆ ಕರಾರು ಹಾಗಿತ್ತು."

ಮಧ್ಯಾಹ್ನ ಸಂಶೋಧನಾಲಯದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಕಪಾಟಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಆರು ಜನರ ಬಳಿ ಇರುತ್ತಿತ್ತು. ಅಚ್ಚು ಹೋದದ್ದು ಎಲ್ಲಿಂದ ಎಂದು ತಿಳಿಯಿತು, ಯಾರ ಕೈಗೆ ಎಂದು ತಿಳಿಯಲಿಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಮತ್ತು ಮಾವ ವಾಲ್ವ್ ಸಿಕ್ಕ ಆಸ್ಪತ್ರೆಗೆ ಹೋದರು.

ಶಿಶುಗಳ ವಾರ್ಡಿನಲ್ಲಿ ಒಂದೊಂದು ತೊಟ್ಟಿಲಲ್ಲಿ ಎರಡೆರಡು ಮಕ್ಕಳಿದ್ದವು. ಮೂರು ಮಕ್ಕಳ ಮೂಗಿನ ಕೊಳವೆಗೆ ಅದೇ ವಾಲ್ವ್ ಇತ್ತು. ಮಾವ ಬೂಟು ಕಳಚಿ ಬಾಗಿಲಲ್ಲೇ ನಿಂತರು.

"ಇದನ್ನ ಯಾರು ತಂದುಕೊಟ್ಟರು ಸಿಸ್ಟರ್?" ಇನ್ಸ್‌ಪೆಕ್ಟರ್ ಕೇಳಿದರು.

"ಗೊತ್ತಿಲ್ಲ ಸಾರ್."

"ಕದ್ದ ಮಾಲು ಇದು. ಗೊತ್ತಿದ್ದೂ ಹೇಳದಿದ್ರೆ ನಿಮ್ಮ ಕೆಲಸಕ್ಕೇ ಕುತ್ತು."

"ಕದ್ದದ್ದಾ? ತಾನೇ ಹುಟ್ಟಿಸಿದ ಕೂಸನ್ನ ತಾನೇ ಎತ್ಕೊಂಡ್ರೆ ಕಳ್ಳತನ ಆಗುತ್ತಾ? ಅತ್ತಿಗೆ ಒಂದು ಕಾಸೂ ಮುಟ್ಟಿಲ್ಲ!"

"ನಾನು ಯಾರ ಅತ್ತಿಗೆ ಸುದ್ದೀನೂ ಎತ್ತಲಿಲ್ಲವಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್.

ನರ್ಸ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಅಣ್ಣನ ಹೆಂಡತಿಯೇ ಆ ವಾಲ್ವನ್ನು ಕಂಡುಹಿಡಿದ ವಿಜ್ಞಾನಿ. ಬೀಗದ ಕೈ ಇದ್ದ ಆರು ಜನರಲ್ಲಿ ಒಬ್ಬಳು.

ಮಧ್ಯಾಹ್ನ ಮೂರೂವರೆಗೆ ಇಬ್ಬರು ಪಂಚರು ಮತ್ತು ಮಹಿಳಾ ಕಾನ್ಸ್‌ಟೇಬಲ್ ಸಮೇತ ಅವಳ ಮನೆಗೆ ಹೋದರು. ಅಡಿಗೆಮನೆಯ ಕಟ್ಟೆಯ ಮೇಲೆ ದ್ರವ ರಬ್ಬರ್ ತುಂಬಿದ ಡಬ್ಬಿಗಳಿದ್ದವು. ಒಲೆಯ ಪಕ್ಕದ ಓವನ್ ಬಿಸಿಯಾಗಿತ್ತು.

"ಅಚ್ಚು ಎಲ್ಲಿದೆ?"

"ಓವನ್ನಿನೊಳಗಿದೆ. ಈಗಷ್ಟೇ ಎರೆದಿಟ್ಟೆ. ಈಗ ತೆಗೆದ್ರೆ ಹನ್ನೆರಡು ವಾಲ್ವೂ ಹಾಳಾಗುತ್ತೆ."

ಇನ್ಸ್‌ಪೆಕ್ಟರ್ ಓವನ್ ಕಡೆ ಒಮ್ಮೆ ನೋಡಿ ಹೆಡ್ ಕಾನ್ಸ್‌ಟೇಬಲ್ ಕಡೆಗೆ ತಿರುಗಿದರು.

"ಮಾವ, ಪಂಚನಾಮೆ ಬರೆಯೋಕೆ ಎಷ್ಟು ಹೊತ್ತು ಬೇಕು?"

"ನನ್ನ ಅಕ್ಷರ ಮೊದಲೇ ಕೋಳಿಕಾಲು ಸಾರ್. ದುಂಡಗೆ ಬರೆದ್ರೆ ಒಂದು ಗಂಟೆ."

"ದುಂಡಗೇ ಬರೀರಿ."

ಪಂಚನಾಮೆಗೆ ಸಹಿ ಬೀಳುವಷ್ಟರಲ್ಲಿ ವಾಲ್ವುಗಳು ಗಟ್ಟಿಯಾಗಿದ್ದವು. ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದರು. ಅಷ್ಟರಲ್ಲಿ ಮ್ಯಾನೇಜರ್ ಫೋನ್ ಮಾಡಿ, ವಾರ್ಡಿನಲ್ಲಿರುವುದನ್ನೂ ಹೊಸದನ್ನೂ ವಶಪಡಿಸಿಕೊಳ್ಳಬೇಕೆಂದನು.

"ದೂರಿನಲ್ಲಿ ಕಳುವಾದದ್ದು ಅಚ್ಚು ಅಂತಿದೆ. ಅಚ್ಚು ಸಿಕ್ಕಿದೆ. ಮಕ್ಕಳ ಮೂಗಿನಿಂದ ಕಿತ್ಕೊಂಡು ಬಾ ಅಂತ ಕೋರ್ಟಿನಿಂದ ಬರೆಸಿ ತನ್ನಿ. ಆಗ ನೋಡೋಣ," ಎಂದು ಇನ್ಸ್‌ಪೆಕ್ಟರ್ ಫೋನ್ ಇಟ್ಟರು. ಹೊಸ ಹನ್ನೆರಡನ್ನು ನಾದಿನಿ ಬಂದು ತೆಗೆದುಕೊಂಡು ಹೋದಳು. ಅವು ಮುಗಿದರೆ ಮತ್ತೆ ಎರೆಯಲು ಅಚ್ಚಿರಲಿಲ್ಲ.

ಸಂಜೆ ಐದಕ್ಕೆ ವಿಜ್ಞಾನಿಯನ್ನು ಬಂಧಿಸಿದರು. ಅವಳು ವಕೀಲರನ್ನೂ ಕೇಳಲಿಲ್ಲ.

"ಇಷ್ಟು ಓದಿದೋರು ನೀವು. ಇದೆಲ್ಲಾ ಯಾಕಮ್ಮ ಬೇಕಿತ್ತು?" ಎಂದು ಜೀಪಿನಲ್ಲಿ ಮಾವ ಕೇಳಿದರು.

ಅವಳು ಹೇಳಿದ್ದು ಇಷ್ಟೇ. ಪ್ರಯೋಗ ಮುಗಿದ ದಿನ ಅದೇ ವಾರ್ಡಿನಿಂದ ವಾಲ್ವುಗಳನ್ನು ವಾಪಸ್ ತರಲು ಸಂಶೋಧನಾಲಯ ಅವಳನ್ನೇ ಕಳಿಸಿತ್ತು. ಆಗ ಹೆರಿಗೆ ಕೋಣೆಯಿಂದ ಒಂದು ಹೆಣ್ಣುಕೂಸನ್ನು ತಂದರು. ಉಸಿರು ಏರುತ್ತಿತ್ತು. ಒಂದನ್ನಾದರೂ ಬಿಟ್ಟುಹೋಗಿ ಅತ್ತಿಗೆ ಎಂದು ನಾದಿನಿ ಕೈ ಹಿಡಿದಳು. ಇವಳು ಕರಾರು ನೆನೆದು ಚೀಲ ಕಟ್ಟಿಕೊಂಡು ಬಂದಳು. ದೊಡ್ಡ ಮೆಷಿನ್ ಇದ್ದ ಊರಿಗೆ ಕೂಸನ್ನು ಸಾಗಿಸಿದರು. ಅದು ದಾರಿಯಲ್ಲೇ ದೇವರ ಪಾದ ಸೇರಿತು. ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ.