ಇಪ್ಪತ್ತಮೂರು ಎಡಹುಬ್ಬುಗಳು

ಎಲ್ಲವೂ ಎಡಹುಬ್ಬೇ ಹೌದೋ, ಅಥವಾ ಮೂರು ನಾಲ್ಕು ಕಡೆ ನೋಡಿದ ಮೇಲೆ ತನ್ನ ಕಣ್ಣೇ ಉಳಿದವನ್ನೂ ಹಾಗೆ ಓದಿಕೊಳ್ಳುತ್ತಿದೆಯೋ? ಇನ್‌ಸ್ಪೆಕ್ಟರ್‌ಗೆ ಅನುಮಾನವಾಯಿತು. ಅನುಮಾನವನ್ನು ಪಂಚನಾಮೆಯಲ್ಲಿ ಬರೆಯುವ ಹಾಗಿಲ್ಲ, ಕಂಡದ್ದನ್ನು ಬರೆಯಬೇಕು. ಅವನು ಸ್ಟುಡಿಯೋದ ಬಾಗಿಲಿಗೆ ಹಿಂದಿರುಗಿ, ಅಲ್ಲಿಂದ ಮತ್ತೆ ಎಣಿಸುತ್ತ ಬಂದ. ಮದುಮಗಳು, ಎಡಹುಬ್ಬು. ಪದವಿಯ ಕಪ್ಪು ಗೌನು ತೊಟ್ಟ ಹುಡುಗಿ, ಎಡಹುಬ್ಬು. ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ ಕೂಸು, ಇನ್ನೂ ಸರಿಯಾಗಿ ಮೂಡಿರದ ಎಡಹುಬ್ಬು. ಗೋಡೆಯ ಮೇಲೆ ಇಪ್ಪತ್ತಮೂರು ಮುಖಗಳಿದ್ದವು. ಒಂದೊಂದಕ್ಕೂ ಒಂದೊಂದು ಸೀಳು. ಹುಬ್ಬಿನ ನಡುವಿನಿಂದ ಹಣೆಯ ಕಡೆಗೆ, ಎಲ್ಲದರಲ್ಲೂ ಒಂದೇ ಓರೆ.

ದೂರು ಬಂದದ್ದು ಹದಿನೆಂಟನೇ ತಾರೀಖು ಮಧ್ಯಾಹ್ನ ಎರಡೂ ಮುಕ್ಕಾಲಿಗೆ. ಸ್ಟುಡಿಯೋದ ಮಾಲೀಕ ದಿನವೂ ಒಂದೂವರೆಗೆ ಶಟರ್ ಅರ್ಧ ಇಳಿಸಿ, ಮಹಡಿಯ ಮೇಲಿನ ಮನೆಗೆ ಊಟಕ್ಕೆ ಹೋಗುತ್ತಾನೆ. ಎರಡೂ ಕಾಲಿಗೆ ಇಳಿದು ಬಂದಾಗ ಗೋಡೆ ಹೀಗಿತ್ತು. ಕ್ಯಾಮೆರಾ, ಕಂಪ್ಯೂಟರ್, ಗಲ್ಲಾಪೆಟ್ಟಿಗೆ ಯಾವುದನ್ನೂ ಮುಟ್ಟಿರಲಿಲ್ಲ. ಮೂರೂ ಹತ್ತಕ್ಕೆ ಎಫ್‌ಐಆರ್ ಆಯಿತು: ಅತಿಕ್ರಮ ಪ್ರವೇಶ, ಆಸ್ತಿ ಹಾನಿ.

"ಯಾರೋ ತಲೆ ಕೆಟ್ಟೋರ ಕೆಲಸ ಸಾರ್," ಎಂದ ರೈಟರ್. ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಹಳೆಯ ಹೆಡ್ ಕಾನ್‌ಸ್ಟೇಬಲ್ ಅವನು; ಅವನ ಹೆಂಡತಿಯೂ ಅವನನ್ನು ರೈಟರ್ ಎಂದೇ ಕರೆಯುತ್ತಾಳೆಂದು ಠಾಣೆಯಲ್ಲಿ ತಮಾಷೆ.

"ತಲೆ ಕೆಟ್ಟೋರಿಗೆ ಇಷ್ಟು ತಾಳ್ಮೆ ಇರುತ್ತೇನ್ರೀ?"

ಜೊತೆಗಿದ್ದ ಮಹಿಳಾ ಕಾನ್‌ಸ್ಟೇಬಲ್ ಮದುಮಗಳ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದಳು. "ಸಾರ್, ಸೀಳಿನ ಪಕ್ಕ ನೀಲಿ ಗೆರೆ ಇದೆ ನೋಡಿ. ಟೈಲರ್‌ಗಳು ಬಟ್ಟೆ ಮೇಲೆ ಎಳೀತಾರಲ್ಲ, ಆ ಸೀಮೆಸುಣ್ಣ. ಮೊದಲು ಗುರುತು ಹಾಕ್ಕೊಂಡು ಆಮೇಲೆ ಕುಯ್ದಿದ್ದಾರೆ."

"ಖಾತ್ರೀನಾ?"

"ನಮ್ಮತ್ತೆ ಟೈಲರ್ ಸಾರ್. ಗೆರೆ ಎಳೀದೆ ಕತ್ತರಿ ಮುಟ್ಟಲ್ಲ. ಸೊಸೆಗೂ ಗೆರೆ ಎಳೆದೇ ಇಟ್ಟಿದ್ದಾರೆ."

ರೈಟರ್ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ.

ಮೂಲೆಯಲ್ಲಿ ಒಂದು ಹಳೆಯ ಕಪ್ಪುಬಿಳುಪು ಭಾವಚಿತ್ರವಿತ್ತು. ಗಾಜಿದ್ದದ್ದು ಅದಕ್ಕೊಂದಕ್ಕೇ. ಬಂದವರು ಚೌಕಟ್ಟು ಬಿಚ್ಚಿ, ಗಾಜನ್ನು ಹೊರತೆಗೆದು, ಒಡೆಯದಂತೆ ಸ್ಟೂಲಿನ ಮೇಲೆ ಪೇಪರ್ ಹಾಸಿ ಮಲಗಿಸಿ, ಆಮೇಲೆ ಹುಬ್ಬು ಸೀಳಿದ್ದರು. ಮಾಲೀಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಬೇರೆವೆಲ್ಲ ಇನ್ನೊಂದು ಪ್ರಿಂಟ್ ಹಾಕ್ಕೋಬಹುದು ಸಾರ್. ಇದು ಆಗಲ್ಲ. ನಮ್ಮನೆಯವಳು. ಹೋಗಿ ಹನ್ನೊಂದು ವರ್ಷ ಆಯ್ತು. ನೆಗೆಟಿವ್ ಇಲ್ಲ."

"ಯಾರ ಮೇಲಾದ್ರೂ ಅನುಮಾನ?"

"ನಾನು ಯಾರಿಗೇನು ಅನ್ಯಾಯ ಮಾಡಿದ್ದೀನಿ? ಎಲ್ಲರನ್ನೂ ಚೆನ್ನಾಗಿ ಕಾಣಿಸ್ತೀನಿ, ಅಷ್ಟೇ. ಯಾರೇ ಆಗಲಿ, ಬಿಡಬೇಡಿ."

ಜೀಪಿನಲ್ಲಿ ಇನ್‌ಸ್ಪೆಕ್ಟರ್ ತನ್ನ ಟಿಪ್ಪಣಿ ಪುಸ್ತಕ ತೆರೆದ. ಟೈಲರ್. ಎಡಹುಬ್ಬು. ಈ ಎರಡು ಪದಗಳನ್ನು ಅವನು ಒಂದೇ ಹಾಳೆಯ ಮೇಲೆ ಎಲ್ಲೋ ಓದಿದ್ದ. ಎಲ್ಲಿ ಎಂದು ನೆನಪಾಗಲಿಲ್ಲ. ನೆನಪಾಗದಿದ್ದರೇ ಒಳ್ಳೆಯದೇನೋ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದೇಕೆ ಎಂದು ಅವನಿಗೇ ತಿಳಿಯಲಿಲ್ಲ.

ಸಂಜೆ ಆರೂ ಹತ್ತಕ್ಕೆ ರೈಟರ್ ಕಾಣೆಯಾದವರ ಕಡತ ತಂದಿಟ್ಟ. ಏಳನೆಯ ಹಾಳೆ. ಗಂಡಸು, ಇಪ್ಪತ್ತಾರು ವರ್ಷ, ಕೊರಿಯರ್ ಹಂಚುವ ಕೆಲಸ. ಗುರುತು: ಎಡಹುಬ್ಬನ್ನು ಎರಡಾಗಿ ಸೀಳಿದ ಹಳೆಯ ಗಾಯದ ಕಲೆ. ದೂರು ಕೊಟ್ಟವರು: ಅಕ್ಕ, ಟೈಲರ್, ಸ್ವಂತ ಅಂಗಡಿ.

"ಟೈಲರಕ್ಕ ಅಂತಾರೆ ಸಾರ್," ಎಂದ ರೈಟರ್. "ಅಪ್ಪ ಅಮ್ಮ ಇಲ್ಲ. ತಮ್ಮನ್ನ ಆಯಮ್ಮನೇ ಸಾಕಿದ್ದು. ಹೋದ ತಿಂಗಳು ಆ ಅಪರಿಚಿತ ಶವ ಸಿಕ್ತಲ್ಲ, ಗಾಡಿ ಗುದ್ದಿ ಹೋಗಿದ್ದು? ಅದು ತಮ್ಮನದೇನೋ ಅಂತ ನೋಡೋಕೆ ಕರೆಸಿದ್ವಿ. ಅಲ್ಲ ಅಂದ್ಲು."

"ಶವ ತೋರಿಸಿದ್ರಾ?"

"ಮೊದಲು ಫೋಟೋ ತೋರಿಸೋದು ಸಾರ್. ಹೌದೇನೋ ಅಂದ್ರೆ ಮಾತ್ರ ಶವಾಗಾರಕ್ಕೆ ಕರ್ಕೊಂಡು ಹೋಗೋದು. ನಮ್ಮ ಪದ್ಧತಿ ಅದೇ ಅಲ್ವಾ."

ಇನ್‌ಸ್ಪೆಕ್ಟರ್ ಅಪರಿಚಿತ ಶವದ ಕಡತ ಬಿಚ್ಚಿದ. ಹೋದ ತಿಂಗಳ ಮೂರನೇ ತಾರೀಖು ಶವ ಸಿಕ್ಕಿತ್ತು. ನಾಲ್ಕರಂದು ಮರಣೋತ್ತರ ಪರೀಕ್ಷೆ, ಅದೇ ದಿನ ಪತ್ರಿಕೆಗೆ ಫೋಟೋ. ಐದರಂದು ಅಕ್ಕನ ಹೇಳಿಕೆ: 'ಫೋಟೋದಲ್ಲಿರುವವನು ನನ್ನ ತಮ್ಮನಲ್ಲ.' ಕೆಳಗೆ ದುಂಡಗಿನ ಸಹಿ. ಏಳರಂದು ಶವವನ್ನು ಮಣ್ಣು ಮಾಡಿದ್ದರು, ಗುಂಡಿಯ ಸಂಖ್ಯೆ ನಲವತ್ತೊಂದು. ಡಾಕ್ಟರ ವರದಿಯ ಎರಡನೇ ಪುಟದಲ್ಲಿ ಹೀಗಿತ್ತು: ಎಡಹುಬ್ಬಿನ ಮೇಲೆ ಹಳೆಯ, ಒಣಗಿದ ಗಾಯದ ಕಲೆ.

ವರದಿ ಈ ಬದಿಗೆ, ಫೋಟೋ ಆ ಬದಿಗೆ. ನಡುವೆ ಒಂದೇ ದಾರ. ಎರಡನ್ನೂ ಒಟ್ಟಿಗಿಟ್ಟು ನೋಡಿದವರು ಯಾರೂ ಇರಲಿಲ್ಲ. ಫೋಟೋದಲ್ಲಿ ತರುಣನ ಎರಡೂ ಹುಬ್ಬುಗಳು ತುಂಬಿಕೊಂಡು ಚೆನ್ನಾಗಿದ್ದವು. ಕಣ್ಣು ತೆರೆದಿತ್ತು. ಯಾವುದೋ ಕೆಲಸಕ್ಕೆ ಅರ್ಜಿ ಹಾಕುವವನ ಹಾಗೆ ನೇರವಾಗಿ ನೋಡುತ್ತಿದ್ದ. ಇನ್‌ಸ್ಪೆಕ್ಟರ್ ಫೋಟೋ ತಿರುಗಿಸಿದ; ಹಿಂದೆ ಅದೇ ಸ್ಟುಡಿಯೋದ ಮುದ್ರೆ.

ರೈಟರ್ ಹೇಳಿದ: "ಅವತ್ತು ಈ ಫೋಟೋ ನೋಡಿ ಆಯಮ್ಮ ಕೈ ಮುಗಿದುಬಿಟ್ಲು ಸಾರ್. 'ಪಾಪ, ಯಾರ ಮನೆ ಮಗುವೋ' ಅಂದ್ಲು. ಹೇಳಿಕೇಲಿ ನಾನು ಅದನ್ನ ಬರೀಲಿಲ್ಲ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಒಬ್ಬನೇ ಸ್ಟುಡಿಯೋಗೆ ಹೋದ. ಮಾಲೀಕ ಕಂಪ್ಯೂಟರಿನಲ್ಲಿ ಹುಡುಕಿ ಎರಡು ಚಿತ್ರಗಳನ್ನು ಪಕ್ಕಪಕ್ಕ ತೆರೆದ. ಎಡಗಡೆ ಮೂಲ ಫೋಟೋ: ಕೆನ್ನೆ ಊದಿತ್ತು, ರಕ್ತ ಹೆಪ್ಪುಗಟ್ಟಿತ್ತು, ಹುಬ್ಬಿನ ನಡುವೆ ಕೂದಲಿಲ್ಲದ ಬಿಳಿಯ ಹಾದಿಯೊಂದು ಹಾಯ್ದಿತ್ತು.

"ಈ ಕಲೆ ಏನಾಯ್ತು?"

"ತೆಗೆದೆ ಸಾರ್. ಬಲಗಡೆ ಹುಬ್ಬನ್ನೇ ಕಾಪಿ ಮಾಡಿ, ತಿರುಗಿಸಿ, ಎಡಕ್ಕೆ ಕೂರಿಸಿದೆ."

"ಕಣ್ಣು?"

ಮಾಲೀಕನಿಗೆ ಸ್ವಲ್ಪ ಸಂಕೋಚವಾಯಿತು. "ಅದು ನಂದು. ಗ್ರೂಪ್ ಫೋಟೋದಲ್ಲಿ ಯಾರಾದ್ರೂ ಕಣ್ಣು ಮುಚ್ಚಿದ್ರೆ ನಂದೇ ಹಾಕೋದು. ಇವತ್ತಿನವರೆಗೂ ಒಬ್ಬರೂ ಕಂಡುಹಿಡಿದಿಲ್ಲ."

"ಗುರುತು ಹಿಡಿಯೋಕೆ ಅಂತ ತೆಗೆಸೋ ಫೋಟೋ ಕಣ್ರೀ ಇದು. ಗುರುತನ್ನೇ ಅಳಿಸಿದ್ದೀರಲ್ಲ?"

"ನೀವೇ ಫೋನಲ್ಲಿ ಅಂದ್ರಲ್ಲ ಸಾರ್? ರಕ್ತಗಿಕ್ತ ಇದ್ರೆ ಪೇಪರ್‌ನೋರು ಹಾಕಲ್ಲ, ಕ್ಲೀನ್ ಮಾಡಿ ಕಳಿಸಿ ಅಂತ."

"ಕ್ಲೀನ್ ಅಂದ್ರೆ ರಕ್ತ ಒರೆಸಿ ಅಂತ."

"ನಮ್ಮಲ್ಲಿ ಕ್ಲೀನ್ ಅಂದ್ರೆ ಪೂರ್ತಿ ಸಾರ್. ಮೊಡವೆ, ಮಚ್ಚೆ, ಕಲೆ, ಸುಕ್ಕು ಎಲ್ಲ. ಮೂವತ್ತು ವರ್ಷದಿಂದ ಈ ಪದಕ್ಕೆ ಇದೇ ಅರ್ಥ. ಸ್ಟುಡಿಯೋಗೆ ನಿಜ ಬೇಕು ಅಂತ ಯಾರು ಬರ್ತಾರೆ ಹೇಳಿ? ನಮ್ಮನೆಯವಳ ಮುಖದ ತುಂಬ ಸಿಡುಬಿನ ಕಲೆ ಇತ್ತು. ಆ ಕಾಲಕ್ಕೆ ಕಂಪ್ಯೂಟರ್ ಎಲ್ಲಿತ್ತು, ಒಂದೊಂದನ್ನೂ ಕುಂಚದಲ್ಲಿ ಮುಚ್ಚಿದ್ದೆ. ಫೋಟೋ ನೋಡಿ ಎಷ್ಟು ಖುಷಿಪಟ್ಟಿದ್ಲು ಗೊತ್ತಾ?"

ಇನ್‌ಸ್ಪೆಕ್ಟರ್ ಎರಡು ಚಿತ್ರಗಳನ್ನೂ ನೋಡುತ್ತ ಕೂತ. ಫೋನಿನಲ್ಲಿ ತಾನು ಎಷ್ಟು ಹೊತ್ತು ಮಾತಾಡಿರಬಹುದು? ಅರ್ಧ ನಿಮಿಷವೂ ಇಲ್ಲ. ಇನ್ನೊಂದು ಕರೆ ಕಾಯುತ್ತಿತ್ತು. ಫೋಟೋ ಬಂದಾಗ ಚೆನ್ನಾಗಿದೆ ಎಂದೂ ಹೇಳಿದ್ದ. ಚೆನ್ನಾಗಿದೆ ಎಂದೇ ಹೇಳಿದ್ದ.

"ರಾಜಿ ಮಾಡ್ಕೊಳ್ತೀರಾ?" ಎಂದು ಕೇಳಿದ. "ಯಾರು ಮಾಡಿದ್ದು ಅಂತ ಗೊತ್ತಾದ್ರೆ ಅಯ್ಯೋ ಅನ್ನಿಸುತ್ತೆ ನಿಮಗೆ."

ಮಾಲೀಕ ಮೂಲೆಯ ಖಾಲಿ ಚೌಕಟ್ಟಿನ ಕಡೆ ನೋಡಿದ. "ಯಾರಾದ್ರೂ ಆಗಲಿ ಸಾರ್. ಇಲ್ಲ."

ಒಂಬತ್ತೂ ಮುಕ್ಕಾಲಿಗೆ ರೈಟರ್ ಕಾಗದ, ಪೆನ್ನು ಹಿಡಿದು ಬಂದ. ಹೇಳಿಕೆ ಬರೆದುಕೊಳ್ಳಲು ಕೂತಾಗ ಮಾಲೀಕ ದನಿ ತಗ್ಗಿಸಿದ. "ಫೋನ್ ವಿಷಯ ಬರೆಯೋದು ಬೇಡ ಅಲ್ವಾ ಸಾರ್?"

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ," ಎಂದ ಇನ್‌ಸ್ಪೆಕ್ಟರ್. ಆಮೇಲೆ ಅವನು ಅದನ್ನು ಕೇಳಲಿಲ್ಲ.

ಟೈಲರಕ್ಕನ ಅಂಗಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎರಡು ಹೊಲಿಗೆ ಯಂತ್ರಗಳಿದ್ದವು. ಒಂದರ ಮೇಲೆ ಬಟ್ಟೆ ಮುಚ್ಚಿತ್ತು. ಹನ್ನೊಂದೂ ಇಪ್ಪತ್ತಕ್ಕೆ ಪೊಲೀಸರು ಬಾಗಿಲಲ್ಲಿ ನಿಂತಾಗ ಅವಳು ಕಾಲರ್ ಕೂರಿಸುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಅಳತೆಪಟ್ಟಿ. ತಲೆಯೆತ್ತಿ ನೋಡಿ ಮತ್ತೆ ಸೂಜಿಯ ಕಡೆ ಬಗ್ಗಿದಳು.

"ಇದೊಂದು ಮುಗಿಸ್ತೀನಿ. ಸಂಜೆ ಬರ್ತಾರೆ, ಒಪ್ಕೊಂಡಿದ್ದೀನಿ."

"ಮುಗಿಸಿ ಅಕ್ಕ," ಎಂದಳು ಮಹಿಳಾ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರ್ ಬೇಡ ಅನ್ನಲಿಲ್ಲ. ಮೇಜಿನ ಮೇಲೆ ಸವೆದ ನೀಲಿ ಸೀಮೆಸುಣ್ಣವಿತ್ತು, ಹೊಲಿಗೆ ಬಿಚ್ಚುವ ಬ್ಲೇಡು ಇತ್ತು. ಅವಳೇ ಎರಡನ್ನೂ ಮುಂದಕ್ಕೆ ಸರಿಸಿದಳು. ಜಪ್ತಿ ಪಂಚನಾಮೆ, ಆಮೇಲೆ ಬಂಧನ. ಬಾಗಿಲು ಹಾಕುವಾಗ ದೀಪ ಆರಿಸಿದೆನೇ ಎಂದು ಎರಡು ಸಲ ಒಳಗೆ ಹೋಗಿ ನೋಡಿ ಬಂದಳು.

ಠಾಣೆಯಲ್ಲಿ ಪ್ರಶ್ನೆಗಳು ಚಿಕ್ಕವಾಗಿದ್ದವು.

"ತಮ್ಮ ತೀರಿಕೊಂಡಿದ್ದು ಯಾವಾಗ ಗೊತ್ತಾಯ್ತು?"

"ಮೊನ್ನೆ ಹದಿನೇಳಕ್ಕೆ. ಅಂಗಡಿ ರಜೆ ಇದ್ದಾಗೆಲ್ಲ ಆಸ್ಪತ್ರೆಗಳಿಗೆ ಹೋಗಿ ವಿಚಾರಿಸ್ತಿದ್ದೆ. ಶವಾಗಾರದವರು ಪುಸ್ತಕ ತೆಗೆದು ಓದಿದ್ರು. ಹುಬ್ಬಿನ ಕಲೆ ಅಂದ್ರು. ಅಂಗಿ ಬಣ್ಣ ಹೇಳಿದ್ರು. ಒಳಗಡೆ ಜೇಬು ಅಂದ್ರು. ಆ ಜೇಬು ನಾನೇ ಇಟ್ಟಿದ್ದು, ದುಡ್ಡು ಬೀಳಿಸ್ಕೋತಾನೆ ಅಂತ."

"ಸ್ಟುಡಿಯೋಗೆ ಯಾಕೆ ಹೋದ್ರಿ?"

"ಕೇಳೋಣ ಅಂತ. ನೀವು ತೋರಿಸಿದ ಫೋಟೋ ಹಿಂದೆ ಅವರ ಮುದ್ರೆ ಇತ್ತು. ಅವರು ಊಟಕ್ಕೆ ಹೋಗಿದ್ರು. ಕಾಯ್ತಾ ಕೂತೆ. ಕೂತಾಗ ಗೋಡೆ ನೋಡಿದೆ. ಅಷ್ಟು ಜನದಲ್ಲಿ ಒಬ್ಬರ ಮುಖದಲ್ಲೂ ಒಂದು ಕಲೆ ಇರಲಿಲ್ಲ. ನನ್ನ ತಮ್ಮ ಅಲ್ಲೇ ಕಳೆದುಹೋದ ಅನ್ನಿಸ್ತು."

"ಆ ಕಲೆ ಹೇಗಾಗಿತ್ತು?"

"ನಾಲ್ಕು ವರ್ಷದವನಿದ್ದಾಗ ನನ್ನ ಮಿಷನ್ ಮೂಲೆಗೆ ಬಡಿದುಕೊಂಡಿದ್ದ. ಏಳು ಹೊಲಿಗೆ. ಅಕ್ಕ ಹಾಕಿದ್ರೆ ಇನ್ನೂ ನೀಟಾಗಿ ಬರ್ತಿತ್ತು ಅಂತ ದೊಡ್ಡವನಾದ ಮೇಲೆ ರೇಗಿಸ್ತಿದ್ದ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀವು ಫೋಟೋ ಕೊಟ್ಟಾಗ ಮೊದಲು ಅದನ್ನೇ ನೋಡಿದೆ ಸಾರ್. ಇರಲಿಲ್ಲ. ಆಮೇಲೆ ಬೇರೇನೂ ನೋಡಲಿಲ್ಲ. ನೋಡೋಕೆ ಮನಸ್ಸೇ ಇರಲಿಲ್ಲ. ಕಿವಿ ನೋಡಬಹುದಿತ್ತು. ಗಲ್ಲ ನೋಡಬಹುದಿತ್ತು. ಅಲ್ಲ ಅಂತ ಸಹಿ ಹಾಕಿ, ಮನೆಗೆ ಹೋಗಿ, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ."

ರೈಟರ್‌ನ ಪೆನ್ನು ನಿಂತಿತು. ಬರೀರಿ ಎಂದು ಇನ್‌ಸ್ಪೆಕ್ಟರ್ ಸನ್ನೆ ಮಾಡಿದ.

"ಗಾಜಿದ್ದ ಹಳೇ ಫೋಟೋ ಅವರ ಹೆಂಡತೀದು. ಇನ್ನೊಂದು ಪ್ರತಿ ಇಲ್ಲ."

"ಗೊತ್ತಿರಲಿಲ್ಲ," ಎಂದಳು. ಆಮೇಲೆ, "ಅವರಾದ್ರೂ ಹೆಂಡತಿ ಮುಖ ಕೊನೇ ಸಲ ನೋಡಿ ಕಳಿಸಿಕೊಟ್ಟಿರ್ತಾರಲ್ಲ."

ಹನ್ನೆರಡೂವರೆಗೆ ಹೇಳಿಕೆ ಮುಗಿಯಿತು. ನಲವತ್ತೊಂದನೇ ಗುಂಡಿಯ ಶವವನ್ನು ಹೊರತೆಗೆದು ಅಕ್ಕನಿಗೆ ಒಪ್ಪಿಸಲು ಮ್ಯಾಜಿಸ್ಟ್ರೇಟರ ಅನುಮತಿ ಕೋರುವ ಪತ್ರವನ್ನು ಇನ್‌ಸ್ಪೆಕ್ಟರ್ ತಾನೇ ಕೂತು ಬರೆದ. ಗುರುತು ತಪ್ಪಿದ್ದಕ್ಕೆ ಕಾರಣ ಎಂಬಲ್ಲಿ 'ಛಾಯಾಚಿತ್ರದಲ್ಲಿನ ನ್ಯೂನತೆ' ಎಂದು ಬರೆದು, ಒಮ್ಮೆ ಓದಿ, ಹಾಗೇ ಬಿಟ್ಟ. ಎರಡು ಪದ. ಸುಳ್ಳೇನೂ ಇರಲಿಲ್ಲ.

ನ್ಯಾಯಾಲಯಕ್ಕೆ ಹೊರಡುವ ಮುಂಚೆ ಮಹಿಳಾ ಕಾನ್‌ಸ್ಟೇಬಲ್ ಅವಳಿಗೆ ನೀರು ಕೊಟ್ಟಳು. ಅವಳು ಲೋಟವನ್ನು ಅರ್ಧಕ್ಕೇ ಇಟ್ಟು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಒಂದು ಕೇಳಲಾ ಸಾರ್? ಅದನ್ನ ಅಳಿಸು ಅಂತ ಅವರಿಗೆ ಯಾರಾದ್ರೂ ಹೇಳಿದ್ರಾ, ಇಲ್ಲ ಅವರೇ ಅಳಿಸಿದ್ರಾ?"

ಗೋಡೆಯ ಫ್ಯಾನು ಇತ್ತ ತಿರುಗಿ ಮೇಜಿನ ಕಾಗದಗಳನ್ನು ಎತ್ತಿ ಮತ್ತೆ ಅತ್ತ ಹೋಯಿತು. ರೈಟರ್ ಕಡತಕ್ಕೆ ದಾರ ಕಟ್ಟುತ್ತಿದ್ದ.

"ಜೀಪ್ ಬಂದಿದೆಯಮ್ಮ," ಎಂದ ಇನ್‌ಸ್ಪೆಕ್ಟರ್.

ಅವಳು ಎದ್ದು ಹೋದಳು. ದೋಷಾರೋಪ ಪಟ್ಟಿ ಸಲ್ಲಿಸಿದ ದಿನ ನ್ಯಾಯಾಲಯದ ಹಜಾರದಲ್ಲಿ ಅವಳೂ ಇನ್‌ಸ್ಪೆಕ್ಟರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಮುಕ್ಕಾಲು ಗಂಟೆ ಕೂತಿದ್ದರು. ಅವತ್ತು ಅವಳೇನೂ ಕೇಳಲಿಲ್ಲ. ಕ್ಲೀನ್ ಮಾಡಿ ಎಂದು ಹೇಳಿದವನು ತಾನು ಎಂಬುದನ್ನು ಇನ್‌ಸ್ಪೆಕ್ಟರ್ ಅವಳಿಗೆ ಹೇಳಲೇ ಇಲ್ಲ.